ಟೊರೆಂಟ್ ಬಳಸುವಾಗ ನಿಮ್ಮ ಐಪಿ ವಿಳಾಸ ಸೋರದಂತೆ ನೋಡಿಕೊಳ್ಳುವುದು ಹೇಗೆ

ಟೊರೆಂಟ್ ಎಂದರೆ ಒಂದು ಫೈಲನ್ನು ತುಣುಕುಗಳಾಗಿ ಬಳಕೆದಾರರೇ ಪರಸ್ಪರ ಹಂಚಿಕೊಳ್ಳುವ ವಿಧಾನ. ಅದಕ್ಕೆ ಬಳಸುವ ಕ್ಯೂಬಿಟ್‌ಟೊರೆಂಟ್ ತಂತ್ರಾಂಶಕ್ಕೆ ಡೆಬಿಯನ್ ಲಿನಕ್ಸಿನ ಒಂದು ಟೊರೆಂಟ್ ಹಾಕಿ, ಕೆಳಗಿರುವ 'ಪಿಯರ್ಸ್' ಟ್ಯಾಬ್ ಒತ್ತಿ ನೋಡಿ. ಅದೇ ಫೈಲನ್ನು ಹಂಚಿಕೊಳ್ಳುತ್ತಿರುವ ಇತರರ (ಪಿಯರ್‌ಗಳ) ಐಪಿ ವಿಳಾಸಗಳು, ಅಂದರೆ ಇಂಟರ್ನೆಟ್‌ನಲ್ಲಿ ಅವರ ಸಂಪರ್ಕವನ್ನು ಗುರುತಿಸುವ ಸಂಖ್ಯೆಗಳು, ಸಾಲುಸಾಲಾಗಿ ಬರುತ್ತವೆ. ಪಕ್ಕದಲ್ಲೇ ದೇಶದ ಬಾವುಟ, ಪೋರ್ಟ್ ಸಂಖ್ಯೆ, ಅವರು ಬಳಸುತ್ತಿರುವ ತಂತ್ರಾಂಶದ ಹೆಸರು ಮತ್ತು ಆವೃತ್ತಿ, ಫೈಲಿನಲ್ಲಿ ಶೇಕಡಾ ಎಷ್ಟು ಭಾಗ ಅವರ ಬಳಿ ಇದೆ ಎಂಬ ಲೆಕ್ಕ ಇರುತ್ತವೆ. ಅವರ ಪರದೆಯ ಮೇಲೆ ನಿಮ್ಮ ಸಾಲೂ ಹೀಗೆಯೇ ಕಾಣುತ್ತಿರುತ್ತದೆ. 2001ರಲ್ಲಿ ಬ್ರಾಮ್ ಕೋಹೆನ್ ಬಿಟ್‌ಟೊರೆಂಟ್ ರೂಪಿಸಿದಾಗ ಅವರ ಗುರಿ ದೊಡ್ಡ ಫೈಲನ್ನು ಬೇಗ ಹಂಚುವುದಾಗಿತ್ತು, ಹಂಚುವವರನ್ನು ಮರೆಮಾಡುವುದಲ್ಲ. ತುಣುಕು ಬೇಕೆಂದರೆ ವಿಳಾಸ ಕೊಡಲೇಬೇಕು. ಹಾಗಾಗಿ ಟೊರೆಂಟ್‌ನಲ್ಲಿ ಗೋಪ್ಯತೆ ಕಾಪಾಡುವುದೆಂದರೆ, ಆ ಸಾಲಿನಲ್ಲಿ ಯಾವ ವಿಳಾಸ ಕಾಣಬೇಕು ಎಂಬುದನ್ನು ನೀವೇ ತೀರ್ಮಾನಿಸುವುದು. ಉಳಿದ ಸೆಟ್ಟಿಂಗ್‌ಗಳೆಲ್ಲ ಅದರ ನಂತರ.

ಮೊದಲೇ ಒಂದು ಮಾತು. ಇಲ್ಲಿ ಹೇಳುವುದು ಲಿನಕ್ಸ್ ಐಎಸ್‌ಒ, ವಿಕಿಪೀಡಿಯದ ಡಂಪ್, ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಹಕ್ಕುಸ್ವಾಮ್ಯ ಮುಗಿದ ಹಳೆಯ ಕನ್ನಡ ಪುಸ್ತಕಗಳು, ನೀವೇ ಚಿತ್ರೀಕರಿಸಿದ ವಿಡಿಯೊ, ಇಂಥವನ್ನು ಹಂಚುವವರಿಗಾಗಿ. ಬೇರೆಯವರ ಹಕ್ಕುಸ್ವಾಮ್ಯದ ಸಿನಿಮಾ ಹಂಚಿದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಉಂಟು. ವಿಪಿಎನ್ (ನಿಮ್ಮ ಸಂಚಾರವನ್ನು ಬೇರೊಂದು ಕಂಪನಿಯ ಸರ್ವರ್ ಮೂಲಕ ಗೂಢಲಿಪಿಯಲ್ಲಿ ಸಾಗಿಸುವ ಸೇವೆ) ಹಾಕಿದ ಮಾತ್ರಕ್ಕೆ ಅದು ಸಕ್ರಮವಾಗುವುದಿಲ್ಲ. ಆದರೆ ಸಕ್ರಮ ಫೈಲನ್ನೇ ಇಳಿಸಿಕೊಳ್ಳುವವರಿಗೂ ತಾವು ಏನು ಓದುತ್ತೇವೆ, ಯಾವ ಊರಿನಿಂದ ಓದುತ್ತೇವೆ ಎಂಬುದು ಗುರುತಿಲ್ಲದ ಸಾವಿರಾರು ಜನಕ್ಕೆ ತಿಳಿಯಬೇಕಾಗಿಲ್ಲ.

ವಿಳಾಸ ಹೊರಹೋಗುವ ದಾರಿಗಳು

ಒಂದು, ಟ್ರ್ಯಾಕರ್, ಅಂದರೆ ಒಂದು ಫೈಲನ್ನು ಯಾರು ಯಾರು ಹಂಚುತ್ತಿದ್ದಾರೆ ಎಂಬ ಪಟ್ಟಿ ಇಡುವ ಸರ್ವರ್. ನಿಮ್ಮ ತಂತ್ರಾಂಶ ಅದನ್ನು ಸಂಪರ್ಕಿಸಿ 'ಈ ಫೈಲ್ ನನಗೆ ಬೇಕು' ಎನ್ನುತ್ತದೆ. ಅದು ನಿಮ್ಮ ವಿಳಾಸವನ್ನು ಪಟ್ಟಿಗೆ ಸೇರಿಸಿ ಎಲ್ಲರಿಗೂ ಹಂಚುತ್ತದೆ. ಎರಡು, ಡಿಎಚ್‌ಟಿ, ಅಂದರೆ ಆ ಪಟ್ಟಿಯನ್ನು ಬಳಕೆದಾರರ ಕಂಪ್ಯೂಟರ್‌ಗಳೇ ಹಂಚಿಕೊಂಡು ಇಡುವ ಜಾಲ. ಟ್ರ್ಯಾಕರ್ ಇಲ್ಲದಿದ್ದರೂ ಮ್ಯಾಗ್ನೆಟ್ ಲಿಂಕ್ (ಟೊರೆಂಟ್ ಫೈಲಿನ ಬದಲು ಬಳಸುವ ಕೊಂಡಿ) ಕೆಲಸ ಮಾಡುವುದು ಇದರಿಂದಲೇ. ಇದರಲ್ಲಿ ಹರಿದಾಡುವ ವಿಳಾಸಗಳನ್ನು ಹಗಲಿರುಳೂ ಕಲೆಹಾಕುವ ತಂತ್ರಾಂಶಗಳಿವೆ, ಯಾವ ಐಪಿಯಿಂದ ಏನು ಇಳಿಯಿತು ಎಂದು ತೋರಿಸುವ ಜಾಲತಾಣಗಳೂ ಇವೆ. ಮೂರು, ಪಿಯರ್‌ಗಳು ತಮಗೆ ಗೊತ್ತಿರುವ ಇತರರ ವಿಳಾಸಗಳನ್ನು ಪರಸ್ಪರ ಹೇಳಿಕೊಳ್ಳುವ ಪಿಇಎಕ್ಸ್. ನಾಲ್ಕು, ಲೋಕಲ್ ಪಿಯರ್ ಡಿಸ್ಕವರಿ. ಇದು ಒಂದೇ ವೈಫೈನಲ್ಲಿರುವ ಎಲ್ಲರಿಗೂ ಕೇಳುವಂತೆ ನಿಮ್ಮ ಟೊರೆಂಟಿನ ಗುರುತನ್ನು ಸಾರುತ್ತದೆ. ಮನೆಯಲ್ಲಾದರೆ ತೊಂದರೆಯಿಲ್ಲ, ಹಾಸ್ಟೆಲ್, ಪಿಜಿ, ಕಚೇರಿಯ ವೈಫೈನಲ್ಲಿ ಮೊದಲು ಆರಿಸಬೇಕಾದದ್ದು ಇದನ್ನೇ.

ಹೆಚ್ಚಿನವರು ಎಡವುವುದು 'ಎನ್‌ಕ್ರಿಪ್ಶನ್' ಎಂಬ ಆಯ್ಕೆಯ ಬಳಿ. ಅದನ್ನು 'ರಿಕ್ವೈರ್' ಮಾಡಿದ ಮೇಲೆ ತಾವು ಸುರಕ್ಷಿತ ಎಂದುಕೊಳ್ಳುತ್ತಾರೆ. ಬಿಟ್‌ಟೊರೆಂಟ್‌ನ ಈ ಗೂಢಲಿಪಿ ಹುಟ್ಟಿದ್ದೇ ಇಂಟರ್ನೆಟ್ ಕಂಪನಿಗಳು ಟೊರೆಂಟ್ ಸಂಚಾರವನ್ನು ಗುರುತಿಸಿ ವೇಗ ಇಳಿಸುವುದನ್ನು ತಪ್ಪಿಸಲು. ಇದರ ಬೀಗದ ಕೈ ರೂಪಿಸಲು ಬಳಸುವುದರಲ್ಲಿ ಒಂದು ಟೊರೆಂಟಿನ ಇನ್ಫೋ ಹ್ಯಾಶ್, ಅಂದರೆ ಮ್ಯಾಗ್ನೆಟ್ ಲಿಂಕಿನಲ್ಲೇ ಬಹಿರಂಗವಾಗಿರುವ ಸಂಖ್ಯೆ. ಆ ಟೊರೆಂಟ್ ಸೇರಿದ ಯಾರ ಬಳಿಯಾದರೂ ಅದು ಇದ್ದೇ ಇರುತ್ತದೆ. ನಿಮ್ಮ ವಿಳಾಸವಂತೂ ಮರೆಯಾಗುವುದೇ ಇಲ್ಲ. 'ಅನಾನಿಮಸ್ ಮೋಡ್' ಕೂಡ ಹೆಸರಿನಷ್ಟು ದೊಡ್ಡ ಕೆಲಸ ಮಾಡುವುದಿಲ್ಲ: ತಂತ್ರಾಂಶದ ಹೆಸರು, ಆವೃತ್ತಿಯನ್ನು ಅಡಗಿಸುತ್ತದೆ, ಐಪಿಯನ್ನು ಹಾಗೆಯೇ ಬಿಡುತ್ತದೆ. ಎರಡನ್ನೂ ಹಾಕಿಡಿ, ಆದರೆ ನೆಚ್ಚಿಕೊಳ್ಳಬೇಡಿ.

ಟಾರ್ ಮೇಲೆ ಟೊರೆಂಟ್ ಬೇಡ

ಟಾರ್ ಎಂದರೆ ಸಂಚಾರವನ್ನು ಹಲವು ಕಂಪ್ಯೂಟರ್‌ಗಳ ಮೂಲಕ ಹಾಯಿಸಿ ವಿಳಾಸ ಮರೆಮಾಡುವ ಜಾಲ. ಅದರ ಮೇಲೆ ಟೊರೆಂಟ್ ಬೇಡವೆಂದು ಟಾರ್ ಯೋಜನೆಯವರೇ 2010ರಿಂದ ಹೇಳುತ್ತಾ ಬಂದಿದ್ದಾರೆ. ಇಂಟರ್ನೆಟ್‌ನಲ್ಲಿ ಮಾಹಿತಿ ಕಳಿಸುವ ಟಿಸಿಪಿ, ಯುಡಿಪಿ ಎಂಬ ಎರಡು ವಿಧಾನಗಳಲ್ಲಿ ಟಾರ್ ಸಾಗಿಸುವುದು ಟಿಸಿಪಿಯನ್ನು ಮಾತ್ರ. ಡಿಎಚ್‌ಟಿ ಮತ್ತು ಬಹುಪಾಲು ಟ್ರ್ಯಾಕರ್‌ಗಳು ಯುಡಿಪಿಯಲ್ಲಿ ಮಾತಾಡುತ್ತವೆ. ಪ್ರಾಕ್ಸಿ (ನಡುವೆ ನಿಂತು ಸಂಚಾರ ದಾಟಿಸುವ ಸರ್ವರ್) ಒಪ್ಪದ ಯುಡಿಪಿ ಪ್ಯಾಕೆಟ್ ಸೀದಾ ನಿಮ್ಮ ನಿಜವಾದ ವಿಳಾಸದಿಂದಲೇ ಹೊರಟುಬಿಡಬಹುದು. ಕೆಲವು ತಂತ್ರಾಂಶಗಳು ಟ್ರ್ಯಾಕರ್‌ಗೆ ಕಳಿಸುವ ಸಂದೇಶದ ಒಳಗೇ ನಿಜವಾದ ಐಪಿ ಬರೆದು ಕಳಿಸುತ್ತಿದ್ದವು, ಹೊರಗಿನ ಲಕೋಟೆ ಟಾರ್‌ನದ್ದಾಗಿದ್ದರೂ. ಜೊತೆಗೆ, ಸ್ವಯಂಸೇವಕರು ನಡೆಸುವ ಆ ಜಾಲದ ಮೇಲೆ ಜಿಬಿಗಟ್ಟಲೆ ಭಾರ ಹೇರಿದರೆ, ಅದನ್ನು ನಿಜಕ್ಕೂ ನಂಬಿಕೊಂಡಿರುವ ಪತ್ರಕರ್ತರಿಗೆ, ಕಾರ್ಯಕರ್ತರಿಗೆ ತೊಂದರೆ. ಸಾಕ್ಸ್5 ಪ್ರಾಕ್ಸಿ ಟಾರ್‌ಗಿಂತ ವೇಗ, ಆದರೆ ಅದು ಸಂಚಾರವನ್ನು ಗೂಢಲಿಪಿಗೆ ಬದಲಿಸುವುದಿಲ್ಲ. ಉಳಿಯುವ ದಾರಿ ವಿಪಿಎನ್.

ವಿಪಿಎನ್ ಆರಿಸುವಾಗ

ವಿಪಿಎನ್ ನಿಮ್ಮನ್ನು ಅದೃಶ್ಯ ಮಾಡುವುದಿಲ್ಲ, ನಂಬಿಕೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾಯಿಸುತ್ತದೆ. ಬಿಟ್‌ಟೊರೆಂಟ್ ಬಳಕೆ ಇಂಟರ್ನೆಟ್ ಕಂಪನಿಗೆ ಕಾಣುವುದು ನಿಂತು ವಿಪಿಎನ್ ಕಂಪನಿಗೆ ಕಾಣತೊಡಗುತ್ತದೆ. ಉಚಿತ ವಿಪಿಎನ್ ಆ್ಯಪ್‌ಗಳನ್ನು ಈ ಕೆಲಸಕ್ಕೆ ಬಳಸಲೇಬೇಡಿ. ಭಾರತದಲ್ಲಿರುವವರು ಇನ್ನೊಂದನ್ನು ಗಮನಿಸಬೇಕು: ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಫೋನ್ ಸಂಖ್ಯೆ, ಅವರಿಗೆ ಕೊಟ್ಟ ಐಪಿ ಇವನ್ನು ಕನಿಷ್ಠ 5 ವರ್ಷ ಇಟ್ಟುಕೊಳ್ಳಬೇಕು. ಹಾಗೆಂದೇ ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್, ಸರ್ಫ್‌ಶಾರ್ಕ್ ತಮ್ಮ ಸರ್ವರ್‌ಗಳನ್ನು ಭಾರತದಿಂದ ಹೊರಗೆ ಒಯ್ದವು. ಕಂಪನಿಯ ಜಾಹೀರಾತಿಗಿಂತ ಮೂರು ವಿಷಯ ನೋಡಿ: ಹೊರಗಿನವರು ಲೆಕ್ಕಪರಿಶೋಧನೆ ಮಾಡಿ ವರದಿ ಪ್ರಕಟಿಸಿದ್ದಾರೆಯೇ, ಐಪಿವಿ6 (ಐಪಿ ವಿಳಾಸದ ಹೊಸ ಮಾದರಿ; ಹಳೆಯದು ಐಪಿವಿ4) ಸಾಗಿಸುತ್ತದೆಯೇ ಅಥವಾ ತಡೆಯುತ್ತದೆಯೇ, ಪೋರ್ಟ್ ಫಾರ್ವರ್ಡಿಂಗ್ ಕೊಡುತ್ತದೆಯೇ. ಮೂರನೆಯದು ಗೋಪ್ಯತೆಗಲ್ಲ, ವೇಗಕ್ಕೆ. ಅದಿಲ್ಲದಿದ್ದರೆ ಹೊರಗಿನವರು ನಿಮ್ಮತ್ತ ಸಂಪರ್ಕ ತೆರೆಯಲಾಗದು, ಹಳೆಯ, ಕೆಲವೇ ಸೀಡ್ (ಪೂರ್ತಿ ಫೈಲ್ ಇಟ್ಟುಕೊಂಡು ಹಂಚುವವರು) ಇರುವ ಟೊರೆಂಟ್‌ಗಳು ಕುಂಟುತ್ತವೆ. ಮುಲ್‌ವಾಡ್ ಕಂಪನಿ 2023ರಲ್ಲಿ ಈ ಸೌಲಭ್ಯ ನಿಲ್ಲಿಸಿತು, ಹಾಗಾಗಿ ಹಳೆಯ ಸಲಹೆಗಳನ್ನು ಕಣ್ಣುಮುಚ್ಚಿ ನಂಬಬೇಡಿ.

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ: ಬೈಂಡ್ ಮಾಡುವುದು

ರಾತ್ರಿ ವಿಪಿಎನ್ ಹಾಕಿ, ಟೊರೆಂಟ್ ಬಿಟ್ಟು ಮಲಗುತ್ತೀರಿ. ಎರಡು ಗಂಟೆಗೆ ಕರೆಂಟ್ ಹೋಗಿ ರೌಟರ್ ಮತ್ತೆ ಶುರುವಾಗುತ್ತದೆ, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಲೇ ಇರುತ್ತದೆ. ವೈಫೈ ಬಂದೊಡನೆ ಟೊರೆಂಟ್ ಮೊದಲು ಎದ್ದು, ವಿಪಿಎನ್ ಹತ್ತು ಸೆಕೆಂಡ್ ತಡವಾಗಿ ಎದ್ದರೆ, ಆ ಹತ್ತು ಸೆಕೆಂಡಿನಲ್ಲಿ ನಿಮ್ಮ ಮನೆಯ ಐಪಿ ನೂರಾರು ಪಿಯರ್‌ಗಳ ಪಟ್ಟಿಗೆ ಸೇರಿರುತ್ತದೆ. ವಿಪಿಎನ್ ಆ್ಯಪ್‌ನ ಕಿಲ್ ಸ್ವಿಚ್ (ವಿಪಿಎನ್ ಕಡಿದರೆ ಇಂಟರ್ನೆಟ್ಟನ್ನೇ ನಿಲ್ಲಿಸುವ ಆಯ್ಕೆ) ಇದನ್ನು ತಡೆಯಬೇಕು, ತಡೆಯುತ್ತದೆ ಕೂಡ. ಆದರೆ ಆ್ಯಪ್ಪೇ ಕುಸಿದಾಗ, ಅಪ್‌ಡೇಟ್ ಆಗುವಾಗ ಕೆಲವೊಮ್ಮೆ ಅದೂ ಕೈಕೊಡುತ್ತದೆ. ಟೊರೆಂಟ್ ತಂತ್ರಾಂಶವನ್ನೇ ವಿಪಿಎನ್‌ಗೆ ಕಟ್ಟಿಹಾಕಿದರೆ, ಅಂದರೆ ಬೈಂಡ್ ಮಾಡಿದರೆ, ಈ ಭಯವಿಲ್ಲ.

ಕ್ಯೂಬಿಟ್‌ಟೊರೆಂಟ್‌ನಲ್ಲಿ ಹೀಗೆ ಮಾಡಿ. ವಿಪಿಎನ್ ಸಂಪರ್ಕ ಮೊದಲು ಆನ್ ಮಾಡಿ, ಇಲ್ಲದಿದ್ದರೆ ಅದರ ಹೆಸರು ಪಟ್ಟಿಯಲ್ಲೇ ಬರದಿರಬಹುದು. 'ಟೂಲ್ಸ್' ಮೆನುವಿನಲ್ಲಿ 'ಆಪ್ಷನ್ಸ್', ಅಲ್ಲಿ ಕೊನೆಯ 'ಅಡ್ವಾನ್ಸ್ಡ್' ಪುಟ ತೆರೆಯಿರಿ. 'ನೆಟ್‌ವರ್ಕ್ ಇಂಟರ್‌ಫೇಸ್' ಎಂಬಲ್ಲಿ 'ಎನಿ ಇಂಟರ್‌ಫೇಸ್' ಎಂದಿರುತ್ತದೆ. ಅದನ್ನು ತೆಗೆದು ವಿಪಿಎನ್‌ನ ಇಂಟರ್‌ಫೇಸ್ (ಅದರ ಸಂಚಾರ ಹೊರಹೋಗುವ ಬಾಗಿಲು) ಆರಿಸಿ. ಲಿನಕ್ಸಿನಲ್ಲಿ ವಿಪಿಎನ್ ಬಳಸುವ ತಂತ್ರ ವೈರ್‌ಗಾರ್ಡ್ ಆದರೆ ಸಾಮಾನ್ಯವಾಗಿ ಡಬ್ಲ್ಯುಜಿ0 (wg0), ಓಪನ್‌ವಿಪಿಎನ್ ಆದರೆ ಟ್ಯೂನ್0 (tun0) ಎಂದಿರುತ್ತದೆ. ವಿಂಡೋಸ್‌ನಲ್ಲಿ ಬಹಳ ಸಲ ಕಂಪನಿಯ ಹೆಸರೇ ಕಾಣುತ್ತದೆ. 'ವೈಫೈ' ಅಥವಾ 'ಈಥರ್ನೆಟ್' ಆರಿಸಿದರೆ ಮಾಡಿದ್ದೆಲ್ಲ ತಲೆಕೆಳಗು. ಅದರ ಕೆಳಗಿನ ಸಾಲಿನಲ್ಲಿ, ನಿಮ್ಮ ವಿಪಿಎನ್ ಐಪಿವಿ6 ಕೊಡದಿದ್ದರೆ, ಐಪಿವಿ4 ವಿಳಾಸಗಳನ್ನು ಮಾತ್ರ ಆರಿಸಿ. ಉಳಿಸಿ, ತಂತ್ರಾಂಶವನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ.

ಈಗ ಪರೀಕ್ಷೆ. ಏನಾದರೂ ಇಳಿಯುತ್ತಿರುವಾಗ ವಿಪಿಎನ್ ಅನ್ನು ಬೇಕೆಂದೇ ಆಫ್ ಮಾಡಿ (ಕಿಲ್ ಸ್ವಿಚ್ ಸಹ ಆಫ್ ಇರಲಿ, ಪರೀಕ್ಷಿಸುತ್ತಿರುವುದು ಬೈಂಡಿಂಗನ್ನು). ಒಂದು ನಿಮಿಷದೊಳಗೆ ವೇಗ ಸೊನ್ನೆಗೆ ಇಳಿದು ಅಲ್ಲೇ ನಿಲ್ಲಬೇಕು. ಬ್ರೌಸರ್‌ನಲ್ಲಿ ಇಂಟರ್ನೆಟ್ ಬರುತ್ತಿದ್ದು ಟೊರೆಂಟ್ ಮಾತ್ರ ಸತ್ತಿದ್ದರೆ ಬೈಂಡಿಂಗ್ ಸರಿಯಾಗಿದೆ. ನಂತರ ವಿಪಿಎನ್ ಆನ್ ಮಾಡಿ, ಐಪಿಲೀಕ್ ಡಾಟ್ ನೆಟ್ ತಾಣದಲ್ಲಿ 'ಟೊರೆಂಟ್ ಅಡ್ರೆಸ್ ಡಿಟೆಕ್ಷನ್' ಭಾಗದ ಮ್ಯಾಗ್ನೆಟ್ ಲಿಂಕನ್ನು ತಂತ್ರಾಂಶಕ್ಕೆ ಹಾಕಿ. ಹೊರಗಿನವರಿಗೆ ಕಾಣುವ ನಿಮ್ಮ ವಿಳಾಸ ಆ ಪುಟದಲ್ಲೇ ಮೂಡುತ್ತದೆ. ಬ್ರೌಸರ್ ತೋರಿಸುವ ಐಪಿ ನೋಡಿ ಸಮಾಧಾನಪಡಬೇಡಿ. ಬ್ರೌಸರ್ ಒಂದು ದಾರಿಯಲ್ಲಿ, ಟೊರೆಂಟ್ ಇನ್ನೊಂದು ದಾರಿಯಲ್ಲಿ ಹೋಗುವುದು ಸಾಧ್ಯ.

ಇಲ್ಲಿ ಐಪಿವಿ6 ಕಡೆ ವಿಶೇಷ ಗಮನ ಬೇಕು. ಜಿಯೋದಂಥ ಜಾಲಗಳು ಐಪಿವಿ6 ಅನ್ನು ಧಾರಾಳವಾಗಿ ಕೊಡುತ್ತವೆ. ಮೊಬೈಲ್ ಜಾಲಗಳಲ್ಲಿ ಐಪಿವಿ4 ವಿಳಾಸವನ್ನು ಸಿಜಿನ್ಯಾಟ್ ಮೂಲಕ ಹಲವು ಗ್ರಾಹಕರು ಹಂಚಿಕೊಂಡಿರುತ್ತಾರೆ, ಆ ಸಂಖ್ಯೆಯೊಂದರಿಂದಲೇ ಒಬ್ಬರನ್ನು ಬೆರಳುಮಾಡಿ ತೋರಿಸುವುದು ಕಷ್ಟ. ಐಪಿವಿ6 ವಿಳಾಸ ಹಾಗಲ್ಲ, ಅದು ನಿಮ್ಮ ಸಂಪರ್ಕದ್ದೇ. ಐಪಿವಿ4 ಅನ್ನು ಮಾತ್ರ ಸಾಗಿಸುವ ವಿಪಿಎನ್ ಹಾಕಿ, ಐಪಿವಿ6 ಅನ್ನು ತೆರೆದಿಟ್ಟರೆ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತೆ. ಪರೀಕ್ಷೆಯ ಪುಟದಲ್ಲಿ ಎರಡೂ ಸಾಲು ನೋಡಿ.

ಬೈಂಡ್ ಮಾಡಿದ ಮೇಲೆ ಎದುರಾಗುವ ಸಾಮಾನ್ಯ ತೊಂದರೆ: ಒಂದು ದಿನ ಇದ್ದಕ್ಕಿದ್ದಂತೆ ಎಲ್ಲ ಟೊರೆಂಟ್‌ಗಳೂ 'ಸ್ಟಾಲ್ಡ್' ಎಂದು ನಿಂತುಬಿಡುತ್ತವೆ. ವಿಪಿಎನ್ ಆ್ಯಪ್ ಓಪನ್‌ವಿಪಿಎನ್‌ನಿಂದ ವೈರ್‌ಗಾರ್ಡ್‌ಗೆ ಬದಲಾಗಿ ಇಂಟರ್‌ಫೇಸಿನ ಹೆಸರೇ ಬೇರೆಯಾಗಿರುತ್ತದೆ. ಗಾಬರಿಯಿಂದ 'ಎನಿ ಇಂಟರ್‌ಫೇಸ್'ಗೆ ಮರಳಬೇಡಿ. ಪಟ್ಟಿಯಲ್ಲಿ ಹೊಸ ಹೆಸರು ಹುಡುಕಿ ಆರಿಸಿ.

ಫೋನ್ ಮತ್ತು ಹಾಟ್‌ಸ್ಪಾಟ್

ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ವಿಪಿಎನ್ ಪುಟದಲ್ಲಿ 'ಆಲ್ವೇಸ್-ಆನ್ ವಿಪಿಎನ್' ಮತ್ತು 'ಬ್ಲಾಕ್ ಕನೆಕ್ಷನ್ಸ್ ವಿದೌಟ್ ವಿಪಿಎನ್' ಎರಡನ್ನೂ ಆನ್ ಮಾಡಿ. ಫೋನಿನ ಮಟ್ಟಿಗೆ ಅಷ್ಟು ಸಾಕು. ಆದರೆ ಫೋನಿನ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಜೋಡಿಸಿದರೆ, ಸಾಮಾನ್ಯ ಆಂಡ್ರಾಯ್ಡ್‌ನಲ್ಲಿ ಲ್ಯಾಪ್‌ಟಾಪಿನ ಸಂಚಾರ ಫೋನಿನ ವಿಪಿಎನ್ ಒಳಗೆ ಹೋಗುವುದಿಲ್ಲ, ಸೀದಾ ಹೊರಗೆ ಹೋಗುತ್ತದೆ. ಫೋನಿನ ಮೇಲ್ತುದಿಯಲ್ಲಿ ಕೀಲಿಕೈಯ ಗುರುತು ಕಾಣುತ್ತಿರುತ್ತದೆ, ಲ್ಯಾಪ್‌ಟಾಪ್ ಬಯಲಲ್ಲಿರುತ್ತದೆ. ಲ್ಯಾಪ್‌ಟಾಪಿನಲ್ಲೇ ಬೇರೆಯಾಗಿ ವಿಪಿಎನ್ ಹಾಕಿ.

ತಂತ್ರಾಂಶದ ಒಳಗೆ

ತಂತ್ರಾಂಶವನ್ನು ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ, ಇಳಿಸಿದ ಫೈಲಿನ ಎಸ್‌ಎಚ್‌ಎ-256 ಮೊತ್ತವನ್ನು (ಫೈಲ್ ಬದಲಾಗಿದೆಯೇ ಎಂದು ತಿಳಿಸುವ ಸಂಖ್ಯೆ) ಅಥವಾ ಸಹಿಯನ್ನು ಹೋಲಿಸಿ ನೋಡಿ. 2016ರ ಮಾರ್ಚಿನಲ್ಲಿ ಟ್ರಾನ್ಸ್‌ಮಿಷನ್ ಎಂಬ ಟೊರೆಂಟ್ ತಂತ್ರಾಂಶದ ಅಧಿಕೃತ ತಾಣಕ್ಕೇ ಯಾರೋ ನುಗ್ಗಿ, ಮ್ಯಾಕ್ ಆವೃತ್ತಿಯೊಳಗೆ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಕೀರೇಂಜರ್ ಎಂಬ ರ‍್ಯಾನ್ಸಮ್‌ವೇರ್ ಸೇರಿಸಿದ್ದರು. ಕ್ಯೂಬಿಟ್‌ಟೊರೆಂಟ್‌ನಲ್ಲೂ 2010ರಿಂದ ಒಂದು ದೋಷ ಉಳಿದುಕೊಂಡಿತ್ತು: ಕೆಲವು ಡೌನ್‌ಲೋಡ್‌ಗಳಲ್ಲಿ ಸರ್ವರಿನ ಪ್ರಮಾಣಪತ್ರ ತಪ್ಪಿದ್ದರೂ ಅದು ಒಪ್ಪಿಕೊಳ್ಳುತ್ತಿತ್ತು. 2024ರ ಅಕ್ಟೋಬರಿನ 5.0.1 ಆವೃತ್ತಿಯಲ್ಲಿ ಸರಿಪಡಿಸಿದರು. ಅದಕ್ಕಿಂತ ಹಳೆಯದು ಇದ್ದರೆ ಇವತ್ತೇ ಬದಲಿಸಿ.

'ಕನೆಕ್ಷನ್' ಪುಟದಲ್ಲಿ ಯುಪಿಎನ್‌ಪಿ (ರೌಟರಿನಲ್ಲಿ ತಾನಾಗಿ ಪೋರ್ಟ್ ತೆರೆಯುವ ಸೌಲಭ್ಯ) ಟಿಕ್ ತೆಗೆಯಿರಿ. ವಿಪಿಎನ್ ಮೂಲಕ ಹೋಗುವಾಗ ಮನೆಯ ರೌಟರಿನಲ್ಲಿ ಪೋರ್ಟ್ ತೆರೆಯುವ ಅಗತ್ಯವೇ ಇಲ್ಲ. 'ವೆಬ್ ಯುಐ' (ತಂತ್ರಾಂಶವನ್ನು ಬ್ರೌಸರ್‌ನಿಂದ ನಡೆಸುವ ಪುಟ) ಬಳಸುವುದಿಲ್ಲವೆಂದರೆ ಆಫ್ ಇರಲಿ. ಬಳಸುವುದಾದರೆ ವಿಳಾಸಕ್ಕೆ 127.0.0.1 (ಈ ಕಂಪ್ಯೂಟರಿಗೆ ಮಾತ್ರ ಎಂದರ್ಥ) ಹಾಕಿ, ಪಾಸ್‌ವರ್ಡ್ ಬದಲಿಸಿ. ಹಳೆಯ ಆವೃತ್ತಿಗಳ ಮೊದಲ ಪಾಸ್‌ವರ್ಡ್ ಏನೆಂಬುದು ಜಗತ್ತಿಗೇ ಗೊತ್ತು. ಇನ್ನೊಂದು ಚಿಕ್ಕ ಸಂಗತಿಯನ್ನು ಬಹಳ ಜನ ಮರೆಯುತ್ತಾರೆ: ಮೂಲೆಯ ಗುಣಿಸು ಗುರುತು ಒತ್ತಿದರೆ ತಂತ್ರಾಂಶ ಮುಚ್ಚದೆ ಗಡಿಯಾರದ ಪಕ್ಕದಲ್ಲಿ ಅಡಗಿ ಕೂತು ಸೀಡ್ ಮಾಡುತ್ತಲೇ ಇರಬಹುದು. 'ಎಕ್ಸಿಟ್' ಮಾಡಿ. ಕಂಪ್ಯೂಟರ್ ಶುರುವಾದಾಗ ತಾನಾಗಿ ಏಳುವ ಆಯ್ಕೆಯನ್ನೂ ತೆಗೆದುಬಿಡಿ.

ನೀವೇ ಟೊರೆಂಟ್ ಮಾಡಿ ಹಂಚುವಾಗ

ಟೊರೆಂಟ್ ಫೈಲಿನಲ್ಲಿ ತಯಾರಿಸಿದ ತಾರೀಖು, ತಂತ್ರಾಂಶದ ಹೆಸರು, ಟಿಪ್ಪಣಿ, ಫೋಲ್ಡರಿನ ಹೆಸರು ಕೂತಿರುತ್ತವೆ. ಫೋಲ್ಡರಿಗೆ ನಿಮ್ಮ ಹೆಸರನ್ನೋ ಮನೆಯ ಹೆಸರನ್ನೋ ಇಟ್ಟಿದ್ದರೆ ಐಪಿ ಅಡಗಿಸಿ ಏನು ಪ್ರಯೋಜನ? ಫೋಟೊಗಳಲ್ಲಿ ಜಿಪಿಎಸ್ ನಿರ್ದೇಶಾಂಕ, ವರ್ಡ್ ಕಡತದಲ್ಲಿ ಲೇಖಕರ ಹೆಸರು ಇರುತ್ತವೆ. ಎಕ್ಸಿಫ್‌ಟೂಲ್‌ನಿಂದ ಫೋಟೊ ಒರೆಸಿ, ಕಡತದ 'ಪ್ರಾಪರ್ಟೀಸ್' ನೋಡಿ. ಇವನ್ನು ಟೊರೆಂಟ್ ಮಾಡುವ ಮೊದಲೇ ಮಾಡಬೇಕು, ಆಮೇಲೆ ಫೈಲಿನ ಒಂದು ಬೈಟ್ ಬದಲಾದರೂ ಹ್ಯಾಶ್ ಬದಲಾಗಿ ಟೊರೆಂಟ್ ಕೆಡುತ್ತದೆ. ಒಮ್ಮೆ ಇನ್ನೊಬ್ಬರ ಬಳಿ ಹೋದ ಪ್ರತಿಯನ್ನು ಹಿಂಪಡೆಯುವ ದಾರಿಯೂ ಇಲ್ಲ. ತಯಾರಿಸುವಾಗ 'ಪ್ರೈವೇಟ್ ಟೊರೆಂಟ್' ಟಿಕ್ ಮಾಡಿದರೆ ಡಿಎಚ್‌ಟಿ, ಪಿಇಎಕ್ಸ್, ಲೋಕಲ್ ಡಿಸ್ಕವರಿ ಮೂರೂ ಆಫ್ ಆಗುತ್ತವೆ, ಆದರೆ ಇದು ಬೀಗವಲ್ಲ; ಟೊರೆಂಟ್ ಫೈಲ್ ಕೈಗೆ ಸಿಕ್ಕವರು ಆ ಟ್ರ್ಯಾಕರ್ ಮೂಲಕ ಸೇರಬಹುದು.

ನಾಲ್ಕೈದು ಮಂದಿಗೆ ಮಾತ್ರ ಕಳಿಸಬೇಕಾದ ಮದುವೆ ವಿಡಿಯೊಗೆ, ಕಚೇರಿಯ ಕಡತಕ್ಕೆ ಟೊರೆಂಟ್ ಬೇಡವೇ ಬೇಡ. ಎರಡೂ ಕಡೆಯ ಕಂಪ್ಯೂಟರ್ ಗೊತ್ತಿದ್ದರೆ ಸಿಂಕ್‌ಥಿಂಗ್ ಹಾಕಿ: ಒಬ್ಬರ ಡಿವೈಸ್ ಐಡಿಯನ್ನು ಇನ್ನೊಬ್ಬರು ಒಪ್ಪಿಕೊಂಡ ಮೇಲೆಯೇ ಫೈಲ್ ಹರಿಯುತ್ತದೆ, ದಾರಿಯುದ್ದಕ್ಕೂ ಗೂಢಲಿಪಿಯಲ್ಲಿ. ಕಳಿಸುವವರ ವಿಳಾಸ ಪಡೆಯುವವರಿಗೂ ತಿಳಿಯಬಾರದೆಂದರೆ ಒನಿಯನ್‌ಶೇರ್ ಬಳಸಿ. ಅದು ನಿಮ್ಮ ಕಂಪ್ಯೂಟರಿನಲ್ಲೇ ಟಾರ್ ಮೂಲಕ ತಾತ್ಕಾಲಿಕ ವಿಳಾಸ ತೆರೆಯುತ್ತದೆ. ಟಾರ್ ಬ್ರೌಸರ್‌ನಲ್ಲಿ ಆ ಲಿಂಕ್ ಹಾಕಿ, ಜೊತೆಗೆ ಕೊಟ್ಟ ಪ್ರೈವೇಟ್ ಕೀ ನಮೂದಿಸಿದವರಿಗೆ ಮಾತ್ರ ಫೈಲ್ ಸಿಗುತ್ತದೆ. ಲಿಂಕ್ ಮತ್ತು ಕೀ ಎರಡನ್ನೂ ಸಿಗ್ನಲ್‌ನಂಥ ಭದ್ರ ದಾರಿಯಲ್ಲೇ ಕಳಿಸಿ. ಫೈಲ್ ಪೂರ್ತಿ ಇಳಿಯುವವರೆಗೆ ಲ್ಯಾಪ್‌ಟಾಪ್ ಸ್ಲೀಪ್‌ಗೆ ಹೋಗದಂತೆ ನೋಡಿಕೊಳ್ಳಿ, ಟಾರ್ ನಿಧಾನವಾದ್ದರಿಂದ 2 ಜಿಬಿ ವಿಡಿಯೊಗೆ ಗಂಟೆಗಟ್ಟಲೆ ಹಿಡಿಯಬಹುದು.