ಸರಾಸರಿ ಲೆಕ್ಕದಲ್ಲಿ ನಾನು ಹುಡುಕುವುದು ಮೊತ್ತ

ಡೇಟಾ ಸಫಿಷಿಯೆನ್ಸಿ (ಕೊಟ್ಟ ಮಾಹಿತಿ ಉತ್ತರಕ್ಕೆ ಸಾಕಾ ಅಂತ ಕೇಳುವ) ಲೆಕ್ಕಗಳಲ್ಲಿ ನಾನು ಜಾಸ್ತಿ ತಪ್ಪುತ್ತಿದ್ದದ್ದು ಸರಾಸರಿಯದ್ದೇ. ಉತ್ತರ ಎಷ್ಟು ಅಂತ ಕಂಡುಹಿಡಿಯುತ್ತಾ ಕೂರುತ್ತಿದ್ದೆ. ಅಲ್ಲಿ ಕೇಳುವುದೇ ಬೇರೆ. ಕೊಟ್ಟ ಎರಡು ಹೇಳಿಕೆಗಳಲ್ಲಿ ಒಂದೇ ಸಾಕಾ, ಎರಡೂ ಬೇಕಾ, ಸೇರಿಸಿದರೂ ಸಾಲದಾ?

ಒಂದು ಲೆಕ್ಕ ನನ್ನ ಕಣ್ಣು ತೆರೆಸಿತು. ಅ, ಬ, ಕ ಸಂಖ್ಯೆಗಳ ಸರಾಸರಿ ಎಷ್ಟು? ಹೇಳಿಕೆ 1: 2ಅ + ಬ + 4ಕ = 23. ಹೇಳಿಕೆ 2: 3ಅ + 4ಬ + ಕ = 22. ಗೊತ್ತಿಲ್ಲದ ಸಂಖ್ಯೆ ಮೂರು, ಸಮೀಕರಣ ಎರಡೇ. ಸಾಲದು ಅಂತ ಗುರುತು ಹಾಕಿ ಮುಂದೆ ಹೋದೆ. ಅದು ತಪ್ಪು.

ಮತ್ತೆ ಕೂತು, ಈ ಸಲ ಪ್ರಶ್ನೆಯನ್ನೇ ಬೀಜಗಣಿತದಲ್ಲಿ ಬರೆದೆ: (ಅ + ಬ + ಕ) ÷ 3. ಅಂದರೆ ನನಗೆ ಬೇಕಿದ್ದದ್ದು ಮೊತ್ತ ಮಾತ್ರ, ಅಲ್ವಾ? ಎರಡೂ ಸಮೀಕರಣ ಕೂಡಿಸಿದರೆ 5ಅ + 5ಬ + 5ಕ = 45. ಮೊತ್ತ 9, ಸರಾಸರಿ 3. ಅ, ಬ, ಕ ಬಿಡಿಬಿಡಿಯಾಗಿ ಎಷ್ಟು ಅನ್ನುವುದು ಈಗಲೂ ಗೊತ್ತಿಲ್ಲ. 2, 3, 4 ಇಟ್ಟರೂ ಹೊಂದುತ್ತದೆ, 5, 1, 3 ಇಟ್ಟರೂ ಹೊಂದುತ್ತದೆ. ಸರಾಸರಿ ಮಾತ್ರ ಕದಲುವುದಿಲ್ಲ. ಇದನ್ನು ನೋಡಿ ನನಗಾದ ಖುಷಿ ಅಷ್ಟಿಷ್ಟಲ್ಲ.

ಅಂದಿನಿಂದ ಹೇಳಿಕೆ ಓದುವ ಮೊದಲೇ ಪ್ರಶ್ನೆಯನ್ನು ಅಕ್ಷರಗಳಲ್ಲಿ ಬರೆದುಕೊಳ್ಳುತ್ತೇನೆ. ಎರಡನೆಯ ಹೇಳಿಕೆ ಓದುವಾಗ ಮೊದಲನೆಯದನ್ನು ಬೆರಳಿನಿಂದ ಮುಚ್ಚಿಬಿಡುತ್ತೇನೆ. ಇಲ್ಲದಿದ್ದರೆ ಅದು ತಲೆಯಲ್ಲೇ ಉಳಿದು ಇದರ ಜೊತೆ ಬೆರೆತುಹೋಗುತ್ತದೆ.

ಎರಡು ಗುಂಪುಗಳ ಲೆಕ್ಕಕ್ಕೂ ಇದೇ ದಾರಿ. ಒಂದು ಗುಂಪಿನ ಸರಾಸರಿ ಅಂಕ 60, ಇನ್ನೊಂದರದ್ದು 70. ಎಲ್ಲರದ್ದೂ ಸೇರಿ ಎಷ್ಟು? ಹೇಳಿಕೆ 1: ಗುಂಪುಗಳಲ್ಲಿರುವ ಜನರ ಅನುಪಾತ ಕ್ರಮವಾಗಿ 3:2. ಹೇಳಿಕೆ 2: ಒಟ್ಟು 40 ಜನ. ಎಷ್ಟು ಜನ ಅಂತ ತಿಳಿಯದೆ ಸರಾಸರಿ ಹೇಗೆ ಅಂತ ಎರಡೂ ಬೇಕೆನಿಸುತ್ತದೆ. ಜನರ ಸಂಖ್ಯೆಯನ್ನು 3ನ, 2ನ ಅಂತ ಬರೆದು ನೋಡಿ: (180ನ + 140ನ) ÷ 5ನ. ‘ನ’ ಹೊಡೆದುಹೋಗಿ 64 ಉಳಿಯುತ್ತದೆ. ಮೊದಲನೆಯದೊಂದೇ ಸಾಕು. 40 ಜನ ಅನ್ನುವುದರಿಂದ ಏನೂ ತೀರ್ಮಾನವಾಗುವುದಿಲ್ಲ. 20–20 ಇದ್ದರೆ 65, 10–30 ಇದ್ದರೆ 67.5.

ಇದರ ಉಲ್ಟಾ ಇರುವ ಲೆಕ್ಕದಲ್ಲಿ ನಾನು ಈಗಲೂ ಹುಷಾರಾಗಿರುತ್ತೇನೆ. ಅ ಎಷ್ಟು? ಹೇಳಿಕೆ 1: ಅ, ಬ ಸರಾಸರಿ 10. ಹೇಳಿಕೆ 2: 10ಕ್ಕಿಂತ ಬ ಎಷ್ಟು ಜಾಸ್ತಿಯೋ ಅ ಅಷ್ಟೇ ಕಡಿಮೆ. ಅಕ್ಷರ ಎರಡು, ಹೇಳಿಕೆ ಎರಡು, ಸಾಕು ಅನಿಸುತ್ತದೆ. ಬರೆದು ನೋಡಿದರೆ ಎರಡೂ ಅ + ಬ = 20. ಹೇಳಿದ್ದು ಒಂದೇ ಮಾತು, ಹಾಗಾಗಿ ಎರಡನ್ನೂ ಸೇರಿಸಿದರೂ ಸಾಲದು.