ಮುಂಬೈಯಿಂದ ಊರಿಗೆ ಎಷ್ಟು ಹೊತ್ತು?

ಮುಂಬೈಗೆ ಹೊಸದಾಗಿ ಬಂದವರು ಮೊದಲು ಬಾಡಿಗೆ ಎಷ್ಟು ಅಂತ ಕೇಳುತ್ತಾರೆ. ಆಮೇಲೆ, ಬೆಂಗಳೂರಿಗೆ ಎಷ್ಟು ಹೊತ್ತು ಅಂತ. ಆಕಾಶಮಾರ್ಗದಲ್ಲಿ ಸುಮಾರು 840 ಕಿ.ಮೀ., ರಸ್ತೆಯಲ್ಲಿ 980ರ ಹತ್ತಿರ. ಫ್ಲೈಟಲ್ಲಿ ಒಂದೂಮುಕ್ಕಾಲು ಗಂಟೆ. ಈ ಒಂದೂಮುಕ್ಕಾಲು ಗಂಟೆಯ ವಿಷಯ ಊರಲ್ಲಿ ಯಾರಿಗೂ ಹೇಳಬೇಡಿ. ಹೇಳಿದರೆ ಸೀಮಂತ, ನಾಮಕರಣ, ಗೃಹಪ್ರವೇಶ ಎಲ್ಲಕ್ಕೂ "ಬೆಳಿಗ್ಗೆ ಬಂದು ಸಂಜೆ ಹೋಗಬಹುದಲ್ಲ" ಅಂತ ಫೋನ್ ಬರುತ್ತದೆ. ಹೋಗದಿದ್ದರೆ ಕೊಬ್ಬು ಅನ್ನುತ್ತಾರೆ.

ನಿಜವಾದ ಲೆಕ್ಕ ಬೇರೆ. ಮನೆ ಡೊಂಬಿವಿಲಿಯಲ್ಲಿ ಅಂತಿಟ್ಟುಕೊಳ್ಳಿ. ಟ್ರಾಫಿಕ್ಕಲ್ಲಿ ಏರ್‌ಪೋರ್ಟಿಗೆ ಎರಡು ಗಂಟೆ, ಒಳಗೆ ಕಾಯೋದು ಇನ್ನೆರಡು, ವಿಮಾನದಲ್ಲಿ ಹತ್ತಿರ ಹತ್ತಿರ ಎರಡು, ದೇವನಹಳ್ಳಿಯಿಂದ ಜಯನಗರ ಸೇರೋಕೆ ಮತ್ತೆರಡು. ಆಯ್ತಲ್ಲ ಒಂದು ಹಗಲು? ಟರ್ಮಿನಲ್ ಯಾವುದು ಅಂತ ಟಿಕೆಟ್ಟಲ್ಲಿ ನೋಡಿಕೊಳ್ಳಿ. ಸಾಂತಾಕ್ರೂಜ್ ಕಡೆಯ ಟಿ1 ಬೇರೆ, ಸಹಾರ್‌ನ ಟಿ2 ಬೇರೆ. 2025ರ ಡಿಸೆಂಬರ್‌ನಿಂದ ನವಿ ಮುಂಬೈಯಿಂದಲೂ ವಿಮಾನ ಇದೆ. ಪನ್ವೇಲಿನವರಿಗೆ ಅನುಕೂಲ. ದಹಿಸರಿನವರಿಗೆ ಅಲ್ಲಿಗೆ ಹೋಗೋದೇ ಒಂದು ಪ್ರಯಾಣ.

ಅದಿರಲಿ, ನಿಮ್ಮ ಊರು ಬೆಂಗಳೂರೇನಾ? ಆಫೀಸಲ್ಲಿ ಕರ್ನಾಟಕ ಅಂದರೆ ಬೆಂಗಳೂರು ಅಂದುಕೊಳ್ಳುತ್ತಾರೆ. ನಾವೂ ಸುಮ್ನೆ ಹೂಂ ಅನ್ನುತ್ತೇವೆ. ಕಲಬುರಗಿಗೆ ಇಲ್ಲಿಂದ ರೈಲಿನಲ್ಲಿ ಸುಮಾರು 570 ಕಿ.ಮೀ., ಬೆಂಗಳೂರಿನಿಂದಲೂ ಹೆಚ್ಚುಕಮ್ಮಿ ಅಷ್ಟೇ. ರಾತ್ರಿ ಹತ್ತಿದರೆ ಬೆಳಿಗ್ಗೆ ಊರು. ಬೆಳಗಾವಿಗೆ ಸ್ಲೀಪರ್ ಬಸ್ಸೇ ಸಾಕು. ಪುಣೆಯಿಂದಂತೂ 340 ಕಿ.ಮೀ. ಅಷ್ಟೇ. ಕರಾವಳಿಯವರಿಗೆ 1998ರಲ್ಲಿ ಕೊಂಕಣ ರೈಲು ಪೂರ್ತಿ ಶುರುವಾದದ್ದು ಎಷ್ಟು ದೊಡ್ಡ ಉಪಕಾರ ಅಂತ ಇಲ್ಲಿನ ಹಳೇ ಹೋಟೆಲಿನವರನ್ನು ಕೇಳಿ. ಮಧ್ಯಾಹ್ನ ಕುರ್ಲಾದಲ್ಲಿ ಮತ್ಸ್ಯಗಂಧ ಹತ್ತಿದರೆ ಬೆಳಗಿನ ಜಾವಕ್ಕೆ ಉಡುಪಿ. ಮಳೆಗಾಲದಲ್ಲಿ ವೇಗ ಕಡಿಮೆ, ಹೊತ್ತು ಜಾಸ್ತಿ. ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಚೌತಿಗೆ ಹೋಗೋರು ಅವತ್ತೇ ಮಾಡಿಬಿಡಿ, ಕೊಂಕಣದವರೆಲ್ಲ ಅದೇ ಸಾಲಿನಲ್ಲಿ ಇರುತ್ತಾರೆ.

ಮಕ್ಕಳಿದ್ದರೆ ವರ್ಷಕ್ಕೊಮ್ಮೆಯಾದರೂ ಹಗಲಿನ ರೈಲು ಹತ್ತಿಸಿ. ಉದ್ಯಾನ್ ಎಕ್ಸ್‌ಪ್ರೆಸ್ ಬೆಂಗಳೂರಿಗೆ ಹತ್ತಿರ ಹತ್ತಿರ ಒಂದು ದಿನ ತೆಗೆದುಕೊಳ್ಳುತ್ತದೆ, ಬೈಯಬೇಡಿ. ಸೊಲ್ಲಾಪುರ ದಾಟಿ ಅಕ್ಕಲಕೋಟೆ ಬರುವಾಗ ಬೋರ್ಡು ಇನ್ನೂ ಮರಾಠಿ, ಹತ್ತುವವರ ಮಾತು ಆಗಲೇ ಕನ್ನಡ. ಅಲ್ಲಿ ಹತ್ತಿದ ಅಜ್ಜಿಯೊಬ್ಬರು ಗಂಟು ಬಿಚ್ಚಿ ಶೇಂಗಾ ಹೋಳಿಗೆ ತೆಗೆದು "ತಗೋ ಕೂಸ, ತಿನ್ನು" ಅಂದರು. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವ ನನ್ನ ಮಗಳು "ಅರ್ಧ ಸಾಕು ಅಜ್ಜಿ" ಅಂದಳು. ಅಪ್ಪ ಅಮ್ಮನನ್ನು ಬಿಟ್ಟು ಬೇರೆಯವರೂ ಆಡುವ ಮಾತು ಇದು ಅಂತ ಈ ಊರಿನ ಮಕ್ಕಳಿಗೆ ಬಿಲ್ಡಿಂಗಿನ ಲಿಫ್ಟಲ್ಲಿ ಗೊತ್ತಾಗೋದಿಲ್ಲ. ಏರ್‌ಪೋರ್ಟಲ್ಲೂ ಇಲ್ಲ.

ಇನ್ನೊಂದು ಲೆಕ್ಕ ಯಾರಿಗೂ ಮಾಡೋಕೆ ಇಷ್ಟವಿಲ್ಲ. ನಡುರಾತ್ರಿ ಊರಿಂದ ಫೋನ್ ಬಂದರೆ ಎಷ್ಟು ಹೊತ್ತಿಗೆ ತಲುಪುತ್ತೀರಿ? ಆಗ ಕೈ ನಡುಗುತ್ತಿರುತ್ತದೆ, ಆ್ಯಪ್ ತೆರೆದು ಹುಡುಕೋಕೆ ಆಗೋದಿಲ್ಲ. ಎಲ್ಲ ಸರಿಯಿರುವಾಗಲೇ ಬರೆದಿಟ್ಟುಕೊಳ್ಳಿ: ಬೆಳಗಿನ ಮೊದಲ ವಿಮಾನ ಯಾವುದು, ಅದು ತಪ್ಪಿದರೆ ಯಾವ ರೈಲು, ಆ ಕಡೆ ಕರೆದುಕೊಂಡು ಹೋಗೋಕೆ ಯಾರು ಬರುತ್ತಾರೆ. ಅಮ್ಮನ ಪಕ್ಕದ ಮನೆಯವರ ನಂಬರ್ ಗಂಡ ಹೆಂಡತಿ ಇಬ್ಬರ ಫೋನಲ್ಲೂ ಇರಲಿ.