ವಾಲ್ವ್ ಕೆಟ್ಟಿದೆ ಅಂದರು: ಬಲೂನೋ, ರಿಪೇರಿಯೋ, ಹೊಸ ವಾಲ್ವೋ?

ನೀರಿನ ಕೊಡ ಹೊತ್ತು ನಾಲ್ಕು ಮೆಟ್ಟಿಲು ಹತ್ತಿದರೆ ಸಾಕು, ನಮ್ಮ ವೈನಿಗೆ (ಅಣ್ಣನ ಹೆಂಡತಿಗೆ) ದಮ್ಮು ಹತ್ತುತ್ತಿತ್ತು. ರಕ್ತ ಕಮ್ಮಿ ಅಂತ ಎರಡು ವರ್ಷ ಟಾನಿಕ್ ಕುಡಿಸಿದರು. ತಲೆ ಕೆಳಗೆ ಮೂರು ದಿಂಬು ಇಲ್ಲದೆ ಮಲಗಲು ಆಗದ ಹೊತ್ತಿಗೆ ಕಲಬುರಗಿಗೆ ಕರೆತಂದು ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದೆವು. ‘ಹೃದಯದ ವಾಲ್ವ್ ಕಿರಿದಾಗಿದೆ’ ಅಂದರು ಡಾಕ್ಟರು. ದವಾಖಾನೆಯ ಬೆಂಚಿನ ಮೇಲೆ ಐದು ಮಂದಿ ಕೂತಿದ್ದೆವು. ಮುಂದೆ ಏನು ಕೇಳಬೇಕು ಅನ್ನುವುದು ಒಬ್ಬರಿಗೂ ಗೊತ್ತಿರಲಿಲ್ಲ. ಅಂಥ ಬೆಂಚಿನ ಮೇಲೆ ಇವತ್ತು ಕೂತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎಕೋ ರಿಪೋರ್ಟ್ ಕೈಗೆ ತಗೊಳ್ಳಿ

ಹೃದಯದಲ್ಲಿ ನಾಲ್ಕು ವಾಲ್ವ್ ಇವೆ. ಒಂದೇ ಕಡೆ ತೆರೆಯುವ ಬಾಗಿಲು ಅಂದುಕೊಳ್ಳಿ. ಬಾಗಿಲು ಪೂರ್ತಿ ತೆರೆಯದಿದ್ದರೆ ಸ್ಟೆನೋಸಿಸ್, ಸರಿಯಾಗಿ ಮುಚ್ಚದಿದ್ದರೆ ಲೀಕ್. ಡಾಕ್ಟರನ್ನು ಮೂರು ಮಾತು ಕೇಳಿ: ಯಾವ ವಾಲ್ವ್? ಕಿರಿದಾಗಿದೆಯೋ, ಲೀಕ್ ಆಗುತ್ತಿದೆಯೋ? ಎಷ್ಟು? ಆರೋಗ್ಯವಂತರ ಮೈಟ್ರಲ್ ವಾಲ್ವ್ (ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನದು) 4ರಿಂದ 6 ಚದರ ಸೆಂಟಿಮೀಟರ್ ತೆರೆಯುತ್ತದೆ. 1.5ಕ್ಕೆ ಇಳಿದರೆ ಅದು ತೀವ್ರ. ವೈನಿಯ ರಿಪೋರ್ಟಿನಲ್ಲಿ 0.9 ಇತ್ತು.

ನಮ್ಮ ಕಡೆ ಚಿಕ್ಕ ವಯಸ್ಸಿನವರ ವಾಲ್ವ್ ಕೆಡುವುದಕ್ಕೆ ದೊಡ್ಡ ಕಾರಣ ಬಾಲ್ಯದಲ್ಲಿ ಬಂದು ಹೋದ ಗಂಟಲು ನೋವು. ಸ್ಟ್ರೆಪ್ಟೋಕಾಕಸ್ ಅನ್ನುವ ಬ್ಯಾಕ್ಟೀರಿಯಾದ ಸೋಂಕಿಗೆ ಸರಿಯಾದ ಔಷಧ ಬೀಳದಿದ್ದರೆ ಕೆಲವು ಮಕ್ಕಳಿಗೆ ಕೀಲು ಬಾವು, ಜ್ವರ ಬರುತ್ತದೆ. ಅದೇ ರುಮ್ಯಾಟಿಕ್ ಜ್ವರ. ಕೀಲು ವಾಸಿಯಾಗುತ್ತದೆ, ವಾಲ್ವಿನ ಗಾಯ ಉಳಿಯುತ್ತದೆ. ಅಂಥ ಮಕ್ಕಳಿಗೆ 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಬರೆದಿದ್ದರೆ ದಯವಿಟ್ಟು ಒಂದನ್ನೂ ತಪ್ಪಿಸಬೇಡಿ.

ಗುಳಿಗೆ ಏನು ಮಾಡುತ್ತದೆ?

ಮೈಯಲ್ಲಿ ನಿಂತ ನೀರು ತೆಗೆಯುತ್ತದೆ, ಬಡಿತ ಹಿಡಿತಕ್ಕೆ ತರುತ್ತದೆ, ದಮ್ಮು ಇಳಿಸುತ್ತದೆ. ಕಿರಿದಾದ ವಾಲ್ವನ್ನು ಮಾತ್ರ ಯಾವ ಗುಳಿಗೆಯೂ ಅಗಲ ಮಾಡುವುದಿಲ್ಲ. ತೊಂದರೆ ಸಣ್ಣದಿದ್ದರೆ ಗುಳಿಗೆ, ಆಗಾಗ ಎಕೋ ಸಾಕು. ‘ಆರಾಮ ಅನಿಸ್ತಿದೆ’ ಅಂತ ಎಕೋ ಬಿಡುವುದೇ ತಪ್ಪು.

ಬಲೂನ್ ಆಗುತ್ತದೆಯೇ ಎಂದು ಕೇಳಿ

ಮೈಟ್ರಲ್ ವಾಲ್ವ್ ಕಿರಿದಾಗಿದ್ದರೆ ಮೊದಲ ಪ್ರಶ್ನೆ ಇದೇ ಇರಲಿ. ತೊಡೆಸಂದಿಯ ರಕ್ತನಾಳದಿಂದ ಸಣ್ಣ ಕೊಳವೆ ಹೋಗುತ್ತದೆ. ವಾಲ್ವಿನ ನಡುವೆ ಬಲೂನ್ ಉಬ್ಬಿಸಿ, ಅಂಟಿಕೊಂಡ ಅದರ ಪದರಗಳನ್ನು ಬಿಡಿಸುತ್ತಾರೆ. ಎದೆ ಕೊಯ್ಯುವುದಿಲ್ಲ. ಕೆಲವೇ ದಿನದಲ್ಲಿ ಮನೆಗೆ ಬರಬಹುದು. ಜಪಾನಿನ ಕಾಂಜಿ ಇನೌಯೆ 1982ರಲ್ಲಿ ಶುರು ಮಾಡಿದ ವಿಧಾನ ಇದು. ಗರ್ಭಿಣಿಯರಿಗೂ ಅಗತ್ಯಬಿದ್ದರೆ ಮಾಡುತ್ತಾರೆ. ವರ್ಷಗಳ ಮೇಲೆ ಮತ್ತೆ ಕಿರಿದಾಗಬಹುದು, ಅದೂ ಗೊತ್ತಿರಲಿ. ವಾಲ್ವಿನಲ್ಲಿ ಸುಣ್ಣ ಕಟ್ಟಿದ್ದರೆ, ಲೀಕ್ ಜಾಸ್ತಿ ಇದ್ದರೆ ಅಥವಾ ಹೃದಯದೊಳಗೆ ರಕ್ತ ಹೆಪ್ಪುಗಟ್ಟಿದ್ದರೆ ಬಲೂನ್ ಹಾಕಲು ಬರುವುದಿಲ್ಲ. ವೈನಿಗೆ ಸುಣ್ಣ ಕಟ್ಟಿತ್ತು.

ವಯಸ್ಸಾದವರ ಅಯೋರ್ಟಿಕ್ ವಾಲ್ವ್ (ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಬಾಗಿಲು) ಕಿರಿದಾದಾಗ ಕೊಳವೆಯಿಂದಲೇ ಹೊಸ ವಾಲ್ವ್ ಕೂರಿಸುವ ಟಾವಿ ಇದೆ. 2002ರಲ್ಲಿ ಫ್ರಾನ್ಸ್‌ನಲ್ಲಿ ಮೊದಲು ಮಾಡಿದರು. ಖರ್ಚು ಬಹಳ.

ಆಪರೇಷನ್ ಅಂದರೆ ಯಾವ ವಾಲ್ವ್?

ಲೀಕ್ ಇದ್ದರೆ ‘ರಿಪೇರಿ ಆಗುತ್ತದೆಯೇ?’ ಎಂದು ಮೊದಲು ಕೇಳಿ. ರಿಪೇರಿ ಆಗುವುದಾದರೆ ಅದೇ ಒಳ್ಳೆಯದು, ಸ್ವಂತ ವಾಲ್ವ್ ಉಳಿಯುತ್ತದೆ. ರುಮ್ಯಾಟಿಕ್ ವಾಲ್ವ್‌ಗಳಲ್ಲಿ ರಿಪೇರಿ ಕಷ್ಟ.

ಬದಲಿಸಲೇಬೇಕಾದರೆ ಎರಡು ದಾರಿ. ಮೆಟಲ್ ವಾಲ್ವ್ ಬಹುಕಾಲ ಬಾಳುತ್ತದೆ, ಆದರೆ ಜೀವಮಾನ ಪೂರ್ತಿ ರಕ್ತ ತೆಳುವಾಗಿಸುವ ಗುಳಿಗೆ ಬೇಕು. ನಮ್ಮ ದೇಶದ್ದೇ ಆದ ಚಿತ್ರಾ ವಾಲ್ವ್ ಇದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ 1990ರಲ್ಲಿ ಮೊದಲ ರೋಗಿಗೆ ಹಾಕಿದರು. ಟಿಶ್ಯೂ ವಾಲ್ವ್‌ಗೆ ಆ ಗುಳಿಗೆ ಸಾಮಾನ್ಯವಾಗಿ ಕೆಲವು ತಿಂಗಳು ಸಾಕು. ಆದರೆ 10-15 ವರ್ಷಕ್ಕೆ ಸವೆಯುತ್ತದೆ, ಎಳೆಯರಲ್ಲಿ ಇನ್ನೂ ಬೇಗ. ಅದನ್ನು ದನದ ಅಥವಾ ಹಂದಿಯ ಅಂಗಾಂಶದಿಂದ ಮಾಡುತ್ತಾರೆ. ಮನಸ್ಸಿಗೆ, ಧರ್ಮಕ್ಕೆ ತೊಡಕಿದ್ದರೆ ಸಂಕೋಚ ಬೇಡ, ಮೊದಲೇ ಹೇಳಿ.

ಯಾವುದು ಒಳ್ಳೆಯದು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಈ ರೋಗಿಯ ಬದುಕಿಗೆ ಯಾವುದು ಹೊಂದುತ್ತದೆ ಎಂದು ಕೇಳಬೇಕು. ತಿಂಗಳಿಗೊಮ್ಮೆ ತಾಂಡಾದಿಂದ ಪೇಟೆಗೆ ಬಂದು ರಕ್ತ ಪರೀಕ್ಷೆ ಮಾಡಿಸಲು ಆಗುತ್ತದಾ? ಮಗಳಿಗೆ ಮುಂದೆ ಮಕ್ಕಳು ಬೇಕಾ? ರಕ್ತ ತೆಳುವಾಗಿಸುವ ವಾರ್ಫರಿನ್, ಅಸಿಟ್ರಾಮ್ ಥರದ ಗುಳಿಗೆ ಹೊಟ್ಟೆಯಲ್ಲಿರುವ ಕೂಸಿಗೆ ಹಾನಿ ಮಾಡಬಹುದು. ಈ ಮಾತು ಆಪರೇಷನ್ನಿಗೆ ಮುಂಚೆಯೇ ಆಗಬೇಕು. ಎಷ್ಟೋ ಮನೆಗಳಲ್ಲಿ ಮದುವೆ ನಿಲ್ಲುತ್ತದೆಂಬ ಹೆದರಿಕೆಗೆ ಮುಚ್ಚಿಡುತ್ತಾರೆ. ಮುಚ್ಚಿಟ್ಟರೆ ಅಪಾಯ ಆ ಹುಡುಗಿಗೇ. ವೈನಿಗೆ ಇಬ್ಬರು ಮಕ್ಕಳಿದ್ದರು, ವಯಸ್ಸು 38. ಮೆಟಲ್ ವಾಲ್ವ್ ಹಾಕಿಸಿದೆವು.

ದುಡ್ಡಿನ ಮಾತು

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ 30ರಷ್ಟು ಸಿಗುತ್ತದೆ, ಮಿತಿ 1.5 ಲಕ್ಷ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ, ಆಧಾರ್, ರೇಷನ್ ಕಾರ್ಡ್ ಒಂದೇ ಚೀಲದಲ್ಲಿಡಿ. ಹಿಂದೆ ಇದಕ್ಕೆಲ್ಲ ಸೊಲ್ಲಾಪುರ, ಹೈದರಾಬಾದ್ ಅಥವಾ ಬೆಂಗಳೂರಿಗೇ ಓಡುತ್ತಿದ್ದೆವು. ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಗಿದೆ. ಮೊದಲು ಅಲ್ಲಿ ವಿಚಾರಿಸಿ.

ಮನೆಗೆ ಬಂದ ಮೇಲೆ

ಅಸಲಿ ಕೆಲಸ ಇಲ್ಲಿಂದ ಶುರು. ಮೆಟಲ್ ವಾಲ್ವ್ ಇದ್ದವರು ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಐಎನ್‌ಆರ್ ಪರೀಕ್ಷೆ ಮಾಡಿಸುತ್ತಲೇ ಇರಬೇಕು. ಮೈಟ್ರಲ್ ಜಾಗದಲ್ಲಿದ್ದರೆ ಸಾಮಾನ್ಯವಾಗಿ 2.5ರಿಂದ 3.5ರ ನಡುವೆ ಇರಬೇಕು. ಇಳಿದರೆ ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ, ಏರಿದರೆ ರಕ್ತಸ್ರಾವ.

ವೈನಿಯ ಹತ್ತಿರ ಮಗನ ಹಳೆ ನೋಟ್‌ಬುಕ್ ಇದೆ. ತಾರೀಕು, ಐಎನ್‌ಆರ್, ಒಂದೋ ಅರ್ಧವೋ ಗುಳಿಗೆ, ಎಲ್ಲ ಅದರಲ್ಲೇ. ಒಂದು ಸಾಲಿನಲ್ಲಿ 1.4 ಅಂತಿದೆ. ಆ ವಾರ ಎಳ್ಳ ಅಮಾವಾಸ್ಯೆ. ಸಜ್ಜೆ ರೊಟ್ಟಿ ಜೊತೆ ಸೊಪ್ಪು-ಕಾಳಿನ ಭಜ್ಜಿ ಹೊಟ್ಟೆ ತುಂಬ ಉಂಡಿದ್ದರು, ಉಳಿದದ್ದನ್ನು ಮೂರು ದಿನ ಉಂಡಿದ್ದರು. ಭಜ್ಜಿಯಲ್ಲಿ ಎಷ್ಟು ಥರದ ಸೊಪ್ಪು ಬೀಳುತ್ತದೆ ನಿಮಗೆ ಗೊತ್ತಲ್ವಾ? ಹಸಿರು ಸೊಪ್ಪಿನ ವಿಟಮಿನ್ ಕೆ ಈ ಗುಳಿಗೆಯ ಬಲ ಕುಗ್ಗಿಸುತ್ತದೆ. ಹಾಗಂತ ಪುಂಡಿಪಲ್ಯ, ಮೆಂತ್ಯೆ ಬಿಡಬೇಕಿಲ್ಲ. ದಿನಾ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಿ.

ಮೈಕೈ ನೋವಿಗೆ ಅಂಗಡಿಯಿಂದ ಸುಮ್ನೆ ಗುಳಿಗೆ ತಂದು ನುಂಗಬೇಡಿ. ಹಲ್ಲು ಕೀಳಿಸುವ ಮುಂಚೆ, ಸೊಂಟಕ್ಕೆ ಇಂಜೆಕ್ಷನ್ ಕೊಡುವ ಮುಂಚೆ ವಾಲ್ವ್ ಇದೆ ಎಂದು ಹೇಳಿ. ಗುಳಿಗೆ ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ, ಡಾಕ್ಟರಿಗೆ ಫೋನ್ ಮಾಡಿ.

ರಾತ್ರಿ ಮನೆ ನಿಶ್ಶಬ್ದವಾದಾಗ ವೈನಿಯ ಎದೆಯಿಂದ ಕೈಗಡಿಯಾರದಂಥ ಟಿಕ್ ಟಿಕ್ ಕೇಳುತ್ತದೆ. ಮೊದಮೊದಲು ಮಕ್ಕಳು ಹೆದರಿದ್ದರು. ಈಗ ಮಗಳು ಆ ಸದ್ದು ಕೇಳುತ್ತಲೇ ಪಕ್ಕದಲ್ಲಿ ನಿದ್ದೆ ಹೋಗುತ್ತಾಳೆ. ಅವಳಿಗೆ ಒಂದು ಮಾತು ಹೇಳಿಕೊಟ್ಟಿದ್ದೇವೆ: ಸದ್ದು ಮಂಕಾಗಿ ಅಮ್ಮನಿಗೆ ದಮ್ಮು ಹತ್ತಿದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡು.